ಮಲ್ಲೇಶ್ವರದ ಮನೆ, ಒಂಬತ್ತನೇ ವಾರ: ಸುಣ್ಣ ಸಿಡಿಯಿತು, ನಕ್ಷೆ ಬದಲಾಯಿತು

ನಮ್ಮ ಹಳೇ ಮನೆಯ ರಿಪೇರಿಯಲ್ಲಿ ಈ ವಾರ ಸುಣ್ಣ ಕೈಕೊಟ್ಟಿತು. ಮುಂದಿನ ಕೋಣೆಗೆ ಬಳಿದಿದ್ದ ಹೊಸ ಗಾರೆ ನಾಲ್ಕೇ ದಿನಕ್ಕೆ ಅಲ್ಲಲ್ಲಿ ಸಿಡಿದು ಕುಳಿ ಬಿದ್ದಿದೆ. ತಪ್ಪು ನನ್ನದೇ. ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಿ ಮೂರು ವಾರ ಬಿಡಿ ಎಂದಿದ್ದರು ಮೇಸ್ತ್ರಿ. ನಾನು ಐದನೇ ದಿನಕ್ಕೇ ಅವಸರ ಮಾಡಿದೆ. ಅರಳದೆ ಉಳಿದ ಚೂರು ಗೋಡೆ ಮೇಲೆ ಕೂತು ತೇವ ಕುಡಿದು ಉಬ್ಬುತ್ತದೆ. "ಸುಣ್ಣಕ್ಕೆ ಶನಿವಾರ, ಭಾನುವಾರ ಗೊತ್ತಾಗಲ್ಲ ಸರ್" ಎಂದರು. ಪೂರ್ತಿ ಕೆತ್ತಿ ಮತ್ತೆ ಬಳಿಯಬೇಕು.

ಸಿಮೆಂಟ್ ಯಾಕೆ ಬೇಡ ಎಂದು ಅಣ್ಣ ಪ್ರತಿ ವಾರ ಕೇಳುತ್ತಾನೆ. ಎಂಬತ್ತರ ದಶಕದಲ್ಲಿ ನಮ್ಮವರೇ ಬಳಿಸಿದ್ದು ಸಿಮೆಂಟ್. ಇಟ್ಟಿಗೆ, ಸುಣ್ಣದ ಹಳೇ ಗೋಡೆ ನೆಲದಿಂದ ತೇವ ಹೀರುತ್ತೆ, ಆಮೇಲೆ ಮೈಯೆಲ್ಲ ಆರಿಸಿಕೊಳ್ಳುತ್ತೆ. ಮೇಲೆ ಸಿಮೆಂಟ್ ಕೂತರೆ ಆರಲು ದಾರಿಯೇ ಇಲ್ಲ. ಕೆತ್ತಿದಾಗ ಒಳಗಿನ ಇಟ್ಟಿಗೆ ಉಗುರಿಗೆ ಪುಡಿಯಾಗಿ ಬಂತು.

ಹೆಂಚು ಇಳಿಸುವಾಗ ಒಂದರ ಬೆನ್ನಲ್ಲಿ ಬಾಸೆಲ್ ಮಿಷನ್ ಹೆಸರು, 1865 ಎಂಬ ಅಚ್ಚು ಸಿಕ್ಕಿತು. ಮನೆಯೇ ಅಷ್ಟು ಹಳೇದು ಎಂದು ತಂಗಿ ಕುಣಿದಾಡಿದಳು. ಪಾಪ, ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಷನರಿಗಳ ಹೆಂಚಿನ ಕಾರ್ಖಾನೆ ಶುರುವಾದ ವರ್ಷ.

ಇನ್ನು ಜಗಳದ ವಿಷಯ. ರಸ್ತೆಯಲ್ಲಿ ಹೋಗುವವರು ಕಿಟಕಿ ಮೇಲಿನ ಮಂಕಿ ಟಾಪ್ (ಮರದ ಪಟ್ಟಿಗಳ ಚೂಪು ಮಾಡು) ಫೋಟೋ ತೆಗೆಯುತ್ತಾರೆ. ಹಿಂದೆ ಮೂರು ಮನೆಯ ವಠಾರ ಇದೆ ಎಂದು ಯಾರಿಗೂ ಗೊತ್ತಿಲ್ಲ. ಎಂಟನೇ ಕ್ರಾಸಿನಲ್ಲಿ ಹೂ ಮಾರುವ ಅಕ್ಕ, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಮೇಷ್ಟ್ರು (ಹಾಗೇ ಕರೆಯುತ್ತೇವೆ, ಪಾಠ ಹೇಳಿದವರಲ್ಲ), ಹೋಟೆಲಿನ ಇಬ್ಬರು ಹುಡುಗರು. ದೊಡ್ಡಪ್ಪನ ಮಕ್ಕಳಿಗೆ ಜಾಯಿಂಟ್ ಡೆವಲಪ್‌ಮೆಂಟ್ ಬೇಕು: ಬಿಲ್ಡರ್ ಎಲ್ಲ ಕೆಡವಿ ಆರು ಫ್ಲಾಟು ಕಟ್ಟುತ್ತಾನೆ, ನಮಗೆ ಮೂರು. ವಠಾರದವರು ಈಗ ಕೊಡುವ ಬಾಡಿಗೆಗೆ ಅಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಆದರೆ ಮುಂದಿನ ಮನೆಯನ್ನು ಸೊಗಸಾಗಿ ರಿಪೇರಿ ಮಾಡಿ ಕೆಫೆಗೆ ಕೊಟ್ಟರೂ ಅವರು ಹೋಗಲೇಬೇಕು ತಾನೇ? ಕಟ್ಟಡ ಉಳಿಯುತ್ತೆ, ವಠಾರ ಉಳಿಯಲ್ಲ. ನನಗೆ ಎರಡೂ ಬೇಕು.

ಹಾಗಂತ ವಠಾರ ಸ್ವರ್ಗವೇನಲ್ಲ. ಮೂರು ಮನೆಗೆ ಒಂದೇ ಬಚ್ಚಲು, ಒಂದೇ ಕಕ್ಕಸು. ಬೆಳಿಗ್ಗೆ ಬಕೆಟ್ ಸಾಲು. ಅದನ್ನು ಹಾಗೇ ಉಳಿಸಿ ಪರಂಪರೆ ಅನ್ನೋದು ನಾಚಿಕೆಗೇಡು.

ದಾರಿ ತೋರಿಸಿದ್ದು ಹಿತ್ತಿಲ ಕನ್ಸರ್ವೆನ್ಸಿ ಸಂದಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಹಾಗೆ. ಇಲ್ಲಿ ಮನೆಗಳ ಬೆನ್ನಿಗೆ ಸಂದಿ ಬಿಟ್ಟಿದ್ದು ಮಲ ಹೊರುವವರು ಓಡಾಡಲಿ ಎಂದು. ಆ ಕೆಟ್ಟ ಕಾಲ ಹೋಯಿತು, ಸಂದಿ ಉಳಿದಿದೆ. ಆ ಕಡೆಯ ಗೋಡೆಗುಂಟ ಮೂರು ಹೊಸ ಬಚ್ಚಲು, ಪೈಪ್ ಎಲ್ಲ ಅದೇ ಬದಿಗೆ. ಹಳೇ ಗೋಡೆ ಒಡೆಯಬೇಕಿಲ್ಲ.

ವಠಾರದ ಮೇಲೆ ಇನ್ನೊಂದು ಮನೆ ಎತ್ತುವ ಆಸೆಯೂ ಇದೆ. ಸುಣ್ಣದ ಗೋಡೆ ಆ ಭಾರ ತಾಳಲ್ಲ ಎಂದರು ಎಂಜಿನಿಯರ್. ನೆಲದಿಂದಲೇ ಬೇರೆ ಕಬ್ಬಿಣದ ಕಂಬ ಎದ್ದು, ಹಳೇ ಗೋಡೆಗೆ ತಾಗದೆ ಮೇಲೆ ಹೋಗಬೇಕಂತೆ. ಮುಂದಿನ ಅರ್ಧ ಮನೆ ಸಂಗೀತ ಪಾಠಕ್ಕೆ ಬಾಡಿಗೆ. ಎಲ್ಲ ಕೂಡಿಸಿದರೂ ಬಿಲ್ಡರ್ ಕೊಡುವ ದುಡ್ಡಿನ ಹತ್ತಿರ ಬರಲ್ಲ. ದೊಡ್ಡಪ್ಪನ ಮಕ್ಕಳಿಗೆ ಲೆಕ್ಕ ಮುಚ್ಚಿಡದೆ ತೋರಿಸಿದೆ. ಯುಗಾದಿವರೆಗೆ ಕಾಯುತ್ತಾರಂತೆ.

ಭಾನುವಾರ ಹೂವಿನ ಅಕ್ಕನಿಗೆ ನಕ್ಷೆ ತೋರಿಸಿದೆ. ವಠಾರದ ಮೂರೂ ಮನೆಯ ಬಾಗಿಲು ಒಳಗಿನ ಅಂಗಳಕ್ಕೆ ತಿರುಗಿಸಿದ್ದೆ, ಚೆಂದ ಕಾಣುತ್ತೆ ಅಂತ. ಅವರು ನೋಡಿ ತಲೆಯಾಡಿಸಿದರು. "ನಂದು ಸಂದಿ ಕಡೆಗೇ ಇರಲಿ ಅಣ್ಣ. ನಾಲ್ಕು ಗಂಟೆಗೆ ಮಾರ್ಕೆಟ್ಟಿಗೆ ಹೋಗ್ತೀನಿ. ಅಂಗಳದಲ್ಲಿ ಬಾಗಿಲು ತೆಗೆದರೆ ಮೇಷ್ಟ್ರು ಎದ್ದು ಕೂತ್ಕೋತಾರೆ."

ಬಾಗಿಲು ಆ ಕಡೆ ಹೋದರೆ ಒಂದು ಬಚ್ಚಲು ಜರುಗಬೇಕು. ಈಗ ಅದನ್ನೇ ಅಳಿಸಿ ಬರೆಯುತ್ತಿದ್ದೇನೆ. ಹೊಸ ಸುಣ್ಣ ಡ್ರಮ್ಮಿನಲ್ಲಿದೆ, ಮುಚ್ಚಳದ ಮೇಲೆ ತಾರೀಕು ಬರೆದಿದ್ದೇನೆ.