ಹಿತ್ತಾಳೆ ಪೆಟ್ಟಿಗೆಯ 12 ಸೀಳುಗಳು

ಲಂಡನ್ನಿನಲ್ಲಿರುವ ತಮ್ಮನ ಮನೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಓಲ್ಡ್ ಆಪರೇಟಿಂಗ್ ಥಿಯೇಟರ್ ಮ್ಯೂಸಿಯಂಗೆ ಹೋದೆ. ಲಂಡನ್ ಬ್ರಿಡ್ಜ್ ಹತ್ತಿರದ ಹಳೇ ಚರ್ಚಿನ ಅಟ್ಟದಲ್ಲಿದೆ ಅದು. ಇಕ್ಕಟ್ಟಾದ 52 ಸುರುಳಿ ಮೆಟ್ಟಿಲು ಹತ್ತಬೇಕು. 1822ರ ಆಪರೇಷನ್ ಕೋಣೆ ನೋಡಲೆಂದು ಹೋದವಳು ನಿಂತುಬಿಟ್ಟಿದ್ದು ಹಿಂದೆ ರೋಗ ಗುಣವಾಗಲೆಂದು ರಕ್ತ ತೆಗೆಯುತ್ತಿದ್ದ ಸಲಕರಣೆಗಳ ಮುಂದೆ. ನಾನು ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್. 18 ವರ್ಷದಿಂದ ದಿನಾ ಮಾಡುವ ಕೆಲಸ ಅದೇ ಅಲ್ವಾ.

ಅವುಗಳಲ್ಲೊಂದು ಸ್ಕ್ಯಾರಿಫಿಕೇಟರ್, ಅಂದರೆ ಚರ್ಮ ಗೀರುವ, ಅಂಗೈಯಲ್ಲಿ ಹಿಡಿಸುವ ಹಿತ್ತಾಳೆ ಪೆಟ್ಟಿಗೆ. ತಳದಲ್ಲಿ ಸಾಲು ಸಾಲು ಸೀಳು. ಎಣಿಸಿದೆ, 12. ಒಂದೊಂದರೊಳಗೂ ಒಂದು ಬ್ಲೇಡು. ಎಷ್ಟು ಆಳ ಕೊಯ್ಯಬೇಕು ಅನ್ನುವುದನ್ನು ಸ್ಕ್ರೂ ತಿರುಗಿಸಿ ಹೊಂದಿಸುತ್ತಿದ್ದರು. ಸ್ಪ್ರಿಂಗ್ ಬಿಗಿ ಮಾಡಿ, ಬೆನ್ನಿಗೆ ಇಟ್ಟು ಗುಂಡಿ ಒತ್ತಿದರೆ ಎಲ್ಲ ಬ್ಲೇಡೂ ಒಟ್ಟಿಗೆ ಬಂದು, ಕೊಯ್ದು, ಒಳಗೆ ಸೇರಿಕೊಳ್ಳುತ್ತಿದ್ದವು. ಆಮೇಲೆ ಬಿಸಿ ಮಾಡಿದ ಗಾಜಿನ ಬಟ್ಟಲನ್ನು ಬೋರಲು ಹಾಕುವುದು. ಒಳಗಿನ ಗಾಳಿ ತಣ್ಣಗಾದಂತೆ ಬಟ್ಟಲು ಚರ್ಮ ಕಚ್ಚಿಕೊಂಡು ರಕ್ತ ಎಳೆಯುತ್ತದೆ.

ಬ್ಲೇಡು ರೋಗಿಯ ಕಣ್ಣಿಗೆ ಬೀಳುವುದೇ ಇಲ್ಲ. ನಾವೂ ಸೂಜಿ ಚುಚ್ಚಿದ ಮೇಲೆ ಗಾಜ್ ಬಟ್ಟೆ ಮುಚ್ಚುತ್ತೇವೆ, ಕೊಡುವವರಿಗೆ ಕಾಣದಿರಲಿ ಅಂತ. ಈ ಪೆಟ್ಟಿಗೆ ಮಾಡಿದವರಿಗೂ ಕನಿಕರ ಇತ್ತು ಅನ್ನಿಸಿತು. ಆದರೆ ಆ ಸಂದಿಗಳನ್ನು ಹೇಗೆ ತೊಳೆಯುತ್ತಿದ್ದರು? ನನ್ನ ಕೈ ಸುಮ್ನೆ ಸೆರಗಿಗೆ ಒರೆಸಿಕೊಂಡಿತು.

ನಾವು ಒಬ್ಬರಿಂದ ತೆಗೆಯುವುದು 350 ಇಲ್ಲವೇ 450 ಎಂ.ಎಲ್., ಅದೂ ಹಿಮೋಗ್ಲೋಬಿನ್ ನೋಡಿ. 1799ರ ಡಿಸೆಂಬರಿನಲ್ಲಿ ಗಂಟಲು ಬಾತು ಮಲಗಿದ್ದ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರಿಂದ ಒಂದೇ ದಿನ ಎರಡು ಲೀಟರಿಗೂ ಜಾಸ್ತಿ ತೆಗೆದರು. ಅದೇ ರಾತ್ರಿ ಅವರು ತೀರಿಕೊಂಡರು. ತೆಗೆದ ವೈದ್ಯರು ಉಳಿಸಲೆಂದೇ ತೆಗೆದಿದ್ದು. ನನಗೆ ಅದೇ ಸಂಕಟ.

ಅಲ್ಲಿ ನಿಂತಾಗ ಅಜ್ಜಿಯ ಮೊಣಕಾಲು ನೆನಪಾಯಿತು. ಚಿಪ್ಪಿನ ಪಕ್ಕ ಸಣ್ಣ ಸಣ್ಣ ಗೀರುಗಳು, ಹೆಚ್ಚುಕಮ್ಮಿ ಇಷ್ಟೇ ಉದ್ದದವು. ಹಿಂದೆ ಕೊಂಬು ಇಡುವವರು ಊರಿಗೆ ಬರುತ್ತಿದ್ದರಂತೆ. ಗೀರಿ, ಕೊಂಬು ಇಟ್ಟು, ತುದಿಯ ತೂತಿನಿಂದ ಬಾಯಲ್ಲಿ ಗಾಳಿ ಎಳೆದು ‘ಕೆಟ್ಟ ರಕ್ತ’ ತೆಗೆಯುವುದು. ಸುಶ್ರುತ ಸಂಹಿತೆಯಲ್ಲೂ ರಕ್ತ ತೆಗೆಯಲು ಕೊಂಬು, ಸೋರೆ ಬುರುಡೆ, ಜಿಗಣೆ ಬಳಸುವ ಮಾತಿದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಜ್ಜಿಯನ್ನು ಕೇಳಿದ್ದೆ. “ನೋವು ಹೋಯ್ತಾ ಅಜ್ಜಿ?”

“ಎರಡು ದಿನ ಹೋಗಿತ್ತು ಮಗಾ. ಆ ಎರಡು ದಿನ ನಾಟಿಗೆ ಹೋಗಿದ್ದೆ.”