ನೋವಾಯಿತು. ಇನ್ನು ಕೇಳಬೇಡಿ

"ನಿಮಗೆ ನೋವೇ ಗೊತ್ತಾಗಲ್ವಂತೆ, ಹೌದಾ?"

ಈ ಪ್ರಶ್ನೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಬಂದಿದೆ, ಮಾಟುಂಗಾದಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಬಂದಿದೆ, ಒಮ್ಮೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ನೂಕುನುಗ್ಗಲಲ್ಲೂ ಬಂದಿದೆ. ನಾನು ಆಟಿಸ್ಟಿಕ್, ಅಂದರೆ ಮಾತು, ಸದ್ದು, ಸ್ಪರ್ಶಗಳನ್ನು ಹುಟ್ಟಿನಿಂದಲೇ ಬೇರೆ ರೀತಿ ಗ್ರಹಿಸುವ ಮಿದುಳಿನವಳು ಅನ್ನೋದು ಕೇಳುವವರಿಗೆ ಗೊತ್ತು. ಹೆರಿಗೆಯಲ್ಲಿ ಒಂದು ಸಲವೂ ಕೂಗಲಿಲ್ಲ ಅನ್ನೋದೂ ಗೊತ್ತು, ಯಾಕಂದರೆ ನಮ್ಮತ್ತೆ ಅದನ್ನು ಇಡೀ ಸೊಸೈಟಿಗೆ ಹೆಮ್ಮೆಯಿಂದ ಹೇಳಿದ್ದಾರೆ. ಎರಡನ್ನೂ ಕೂಡಿಸಿ ಲೆಕ್ಕ ಮುಗಿಸಿಕೊಂಡೇ ಬರುತ್ತಾರೆ.

ಪ್ರಶ್ನೆ ಹಾಗಿರಲಿ, ಆ 'ಅಂತೆ' ನನಗೆ ಆಗಿಬರಲ್ಲ. ನಾಳೆ ಮಳೆಯಂತೆ, ಭಾನುವಾರ ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಅಂತೆ, ಸರಿ. ಆದರೆ ನನ್ನ ಸೊಂಟ, ನನ್ನ ಹೊಟ್ಟೆ, ನಾನೇ ಎದುರಿಗೆ ನಿಂತಿದ್ದೇನೆ, ನನ್ನ ಸುದ್ದಿಯನ್ನು ನನಗೇ 'ಅಂತೆ' ಹಚ್ಚಿ ಹೇಳಿದರೆ ನಾನೇನು "ಹೌದಂತೆ" ಅನ್ನಬೇಕಾ?

ನಡೆದದ್ದು ಇಷ್ಟು. ಆಸ್ಪತ್ರೆ ಠಾಣೆಯಲ್ಲಿ. ಆಗ ನನಗೆ ಆಟಿಸಂ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ, ನನಗೂ. ಅದು ತಿಳಿದದ್ದು ಮಗಳಿಗೆ ನಾಲ್ಕು ತುಂಬಿದ ಮೇಲೆ. ಗಂಡನನ್ನು ಒಳಗೆ ಬಿಡಲಿಲ್ಲ. ನರ್ಸ್ ಬಂದು "ದಹಾಪೈಕಿ ಕಿತೀ?" ಅಂದರು, ನೋವು ಹತ್ತಕ್ಕೆ ಎಷ್ಟು ಅಂತ. ಹತ್ತು ಅಂದರೆ ಏನು ಅಂತ ಕೇಳಿದೆ. ನೀವು ಕಲ್ಪಿಸಿಕೊಳ್ಳಬಹುದಾದ ಅತಿ ದೊಡ್ಡ ನೋವು ಅಂದರು. ನನಗೆ ಕಲ್ಪನೆ ಜಾಸ್ತಿ. ಲೋಕಲ್ ಗಾಡಿಯ ಕೆಳಗೆ ಕಾಲು ಸಿಕ್ಕಿದರೆ ಹೇಗಿರುತ್ತೆ ಅಂತ ಯೋಚಿಸಿದೆ, ಅದು ಹತ್ತು, ಹಾಗಾದರೆ ಇದು ಆರು. "ಸಹಾ" ಅಂದೆ. ಅವರು ನನ್ನ ಮುಖ ನೋಡಿದರು, ಮುಖದಲ್ಲಿ ಏನೂ ಇರಲಿಲ್ಲ. "ಅಜೂನ್ ವೇಳ್ ಆಹೇ" ಅಂತ ಹೇಳಿ ಹೋದರು.

ಇನ್ನೂ ಟೈಮ್ ಇದೆಯಂತೆ. ನೋಡಿ, ಅಲ್ಲೂ 'ಅಂತೆ'.

ಆಮೇಲೆ ಮಾತು ನಿಂತೇ ಹೋಯಿತು. ಧೈರ್ಯವಲ್ಲ ಅದು, ಬಾಯಿಗೆ ಮಾತು ಬರುತ್ತಿರಲಿಲ್ಲ ಅಷ್ಟೆ. ಅದಕ್ಕೆ ನೋವು ಬಂದಾಗೆಲ್ಲ ಒಳಗೊಳಗೇ ನಮ್ಮ ಡೊಂಬಿವಲಿ ಕಡೆಯ ಲೋಕಲ್ ಸ್ಟೇಷನ್‌ಗಳ ಹೆಸರು ಒಂದೊಂದಾಗಿ ಹೇಳಿಕೊಂಡೆ. ಮೊದಲು ದಾದರ್‌ನಿಂದ ಹೊರಟರೆ ಕುರ್ಲಾಕ್ಕೆ ನೋವು ಇಳಿಯುತ್ತಿತ್ತು. ಸಂಜೆಗೆ ಘಾಟ್ಕೋಪರ್, ವಿಕ್ರೋಳಿ, ಕಾಂಜೂರ್‌ಮಾರ್ಗ್, ಭಾಂಡುಪ್ ದಾಟಿತು. ಡ್ಯೂಟಿ ಬದಲಾಗಿ ಬೇರೆ ನರ್ಸ್ ಬಂದು ನೋಡುವಾಗ ನಾನು ಡೊಂಬಿವಲಿಗೆ ಒಂದೇ ಸ್ಟೇಷನ್ ಹಿಂದೆ, ಕೋಪರ್‌ನಲ್ಲಿದ್ದೆ, ಗರ್ಭಕೋಶದ ಬಾಯಿ ಪೂರ್ತಿ 10 ಸೆಂಟಿಮೀಟರ್ ತೆರೆದಿತ್ತು. "ಸಾಂಗಾಯ್ಚಂ ನಾ!", ಹೇಳಬೇಕಿತ್ತಲ್ಲ, ಅಂತ ಬೈದರು. ಹೇಳಿದ್ದೆನಲ್ಲ, ಆರು ಅಂತ.

ನಾನೊಬ್ಬಳೇ ಹೀಗೆ ಅಂದುಕೊಂಡಿದ್ದೆ. 2020ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು 355 ಆಟಿಸ್ಟಿಕ್ ತಾಯಂದಿರನ್ನೂ 132 ಬೇರೆ ತಾಯಂದಿರನ್ನೂ ಕೇಳಿ ಹೋಲಿಸಿದ್ದಾರೆ. ಡಾಕ್ಟರು, ನರ್ಸುಗಳ ಎದುರು ಮಾತೇ ಹೊರಡದೆ ಹೋಗುವುದು ನಮ್ಮಲ್ಲಿ ಹೆಚ್ಚು. ಬಸುರಿನಲ್ಲೂ ಬಾಣಂತನದಲ್ಲೂ ಖಿನ್ನತೆ ಹೆಚ್ಚು. ಮಗುವಿನ ಅಗತ್ಯವನ್ನು ಮುಂದಿಡುವುದರಲ್ಲಿ ಮಾತ್ರ ನಾವು ಯಾರಿಗೂ ಕಡಿಮೆ ಇಲ್ಲ. ಈ ಕೊನೆಯ ಸಾಲನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ, ಅತ್ತೆಗೆ ಕಾಣುವ ಎತ್ತರದಲ್ಲಿ.

'ಯಾವುದನ್ನು ತಡೆಯೋಕಾಗಲಿಲ್ಲ?' ಅಂತ ಯಾರೂ ಕೇಳಲ್ಲ. ಕೇಳಿದ್ದರೆ ಪಟ್ಟಿಯೇ ಕೊಡುತ್ತಿದ್ದೆ. ತಲೆ ಮೇಲಿನ ಟ್ಯೂಬ್‌ಲೈಟು. ಹೇಳದೆ ಕೇಳದೆ ಮೈಗೆ ಹಾಕುವ ಕೈ, "ಈಗ ಮುಟ್ಟುತ್ತೇನೆ" ಅಂದಿದ್ದರೆ ಸಾಕಿತ್ತು. ಅದಕ್ಕೂ ಮುಂಚೆ, ಏಳನೇ ತಿಂಗಳಲ್ಲಿ ಪಕ್ಕದ ಮನೆಯವರು ಪ್ರೀತಿಯಿಂದ ಮಾಡಿದ ಡೋಹಾಳೆ ಜೇವಣ, ಮರಾಠಿಗರ ಸೀಮಂತ, ಕತ್ತು ಕೈಗೆಲ್ಲ ಕಟ್ಟಿದ ಒದ್ದೆ ಮಲ್ಲಿಗೆ ಮೊಗ್ಗಿನ ಒಡವೆ, ಎರಡು ಗಂಟೆ ನಗುತ್ತಾ ಕೂತೆ, ಬಾತ್‌ರೂಮಿಗೆ ಹೋಗಿ ಕಿತ್ತು ಹಾಕಿ ಅತ್ತೆ. ಹೆರಿಗೆಯಲ್ಲಿ ಅಳಲಿಲ್ಲ, ಮಲ್ಲಿಗೆಗೆ ಅತ್ತೆ. ಇದನ್ನು ಹೇಳಿದರೆ ಯಾರೂ ನಂಬಲ್ಲ.

ಬಾಣಂತನಕ್ಕೆ ಅವ್ವ ಧಾರವಾಡದಿಂದ ಬಂದಳು, ಅಂಟಿನುಂಡೆ ಡಬ್ಬಿ ಹಿಡಿದು. ಉಂಡೆ ಸರಿ, ದಿನಾ ಒಂದೇ ರುಚಿ, ನನಗೆ ಅದೇ ಬೇಕು. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಲೋಬಾನದ ಹೊಗೆ! ಉಸಿರು ಕಟ್ಟುತ್ತೆ ಅಂದರೆ "ಹೊಗಿ ಬ್ಯಾಡಂದ್ರ ಹೆಂಗವಾ, ನಂಜು ಆಕ್ಕತಿ" ಅನ್ನುವಳು. ಮಗು ಅತ್ತರೆ ಆ ಸದ್ದು ನನಗೆ ಹಲ್ಲಿನಲ್ಲಿ ಕೇಳಿಸುತ್ತಿತ್ತು. ಹಾಲು ಕುಡಿಸುವಾಗ ಮೈಯೆಲ್ಲ ಇರುವೆ ಹರಿದ ಹಾಗೆ. ಆದರೂ ಹತ್ತು ತಿಂಗಳು ಕುಡಿಸಿದೆ, ಗೋಡೆ ನೋಡಿಕೊಂಡು, ಟೈಮ್ ಬರೆದಿಟ್ಟುಕೊಂಡು. "ಮಗೂನ ನೋಡ್ತಾ ಕುಡಿಸಬೇಕು" ಅಂತ ಬಂದವರೆಲ್ಲ ಹೇಳಿದರು. ಆ ವಹಿ ಇನ್ನೂ ಇದೆ. ಅದರಲ್ಲಿ ಒಂದು ಹೊತ್ತೂ ತಪ್ಪಿಲ್ಲ.

ಮೊನ್ನೆ ಸಂಕ್ರಾಂತಿಯ ಹಳದಿ ಕುಂಕುಮದಲ್ಲಿ ಮೂರನೇ ಮಹಡಿಯ ಆಂಟಿ ಮತ್ತೆ ಕೇಳಿದರು. ಈ ಸಲ ಸರಿಯಾಗಿ ಹೇಳೋಣ ಅಂತ, "ಆಯ್ತು ಆಂಟಿ, ದಾದರ್‌ನಿಂದ ಕೋಪರ್‌ವರೆಗೂ ನೋವಿತ್ತು" ಅಂದೆ.

ಆಂಟಿ ಎಳ್ಳುಂಡೆ ಕೈಯಲ್ಲೇ ಹಿಡಿದು ನಿಂತರು. "ಅಯ್ಯೋ ದೇವರೇ, ರೈಲಲ್ಲೇ ಹೆತ್ಯಾ?"