ಚೆರೊಕೀ ಊರಿಗೆ ಹೋಗುವವರು ಬುಟ್ಟಿ ನೋಡದೆ ಬರಬೇಡಿ

ಅಮೆರಿಕದ ಸ್ಮೋಕಿ ಪರ್ವತಗಳಿಗೆ ಹೊರಟವರಲ್ಲಿ ಹೆಚ್ಚಿನವರು ಉತ್ತರ ಕೆರೊಲಿನಾದ ಚೆರೊಕೀ ಊರಿನಲ್ಲಿ ಊಟಕ್ಕಷ್ಟೇ ಕಾರು ನಿಲ್ಲಿಸುತ್ತಾರೆ. ಹಾಗೆ ಮಾಡಬೇಡಿ, ಒಂದಿಡೀ ಹಗಲನ್ನು ಈ ಊರಿಗೆ ಎತ್ತಿಡಿ. ಆಶ್‌ವಿಲ್ ನಗರದಿಂದ ಸುಮಾರು ಒಂದು ಗಂಟೆಯ ದಾರಿ.

ಮೊದಲು ಒಕೊನಲುಫ್ಟೀ ಇಂಡಿಯನ್ ವಿಲೇಜ್‌ಗೆ ಹೋಗಿ. 1760ರ ದಶಕದ ಬದುಕನ್ನು ತೋರಿಸುವ ಈ ಹಳ್ಳಿಯಲ್ಲಿ ಇಲ್ಲಿನ ಮೂಲನಿವಾಸಿಗಳಾದ ಚೆರೊಕೀ ಜನರೇ ಕುಳಿತು ಕೆಲಸ ಮಾಡುತ್ತಾರೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ತೆರೆದಿರುವ ದಿನಗಳನ್ನು ವಿಚಾರಿಸಿಕೊಂಡೇ ಹೊರಡಿ.

ಬುಟ್ಟಿ ಹೆಣೆಯುವವರ ಮುಂದೆ ಅವಸರ ಬೇಡ. ಬುಟ್ಟಿಗೆ ಬಳಸುವ ರಿವರ್‌ಕೇನ್ ಅಮೆರಿಕದ ನೆಲದ್ದೇ ಆದ ಬಿದಿರು. ಅದನ್ನು ಉದ್ದಕ್ಕೆ ಸೀಳಿ, ಒಳಭಾಗವನ್ನು ಚಾಕುವಿನಿಂದ ಹೆರೆದು, ಹೊಳೆಯುವ ಹೊರಪದರವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ನಾನು ನೋಡುತ್ತಿದ್ದ ಹಿರಿಯ ಮಹಿಳೆ ಪ್ರತಿ ಸೀಳನ್ನೂ ಬೆರಳುಗಳ ನಡುವೆ ಎಳೆದು, ದಪ್ಪ ಎನಿಸಿದ್ದನ್ನು ಮತ್ತೆ ಹೆರೆಯುತ್ತಿದ್ದರು. ನಮ್ಮ ಮೇದರ ಕೆಲಸ ನೋಡಿ ಬೆಳೆದವರಿಗೆ ಆ ಕೈಚಳಕ ತಟ್ಟನೆ ಗುರುತು ಸಿಗುತ್ತದೆ. ಸೀಳುಗಳನ್ನು ಬ್ಲಾಕ್ ವಾಲ್‌ನಟ್ ಮರದ ಬೇರಿನೊಂದಿಗೆ ಕುದಿಸಿದರೆ ಗಾಢ ಕಂದು, ಬ್ಲಡ್‌ರೂಟ್ ಗಿಡದ ಬೇರಿನೊಂದಿಗೆ ಕುದಿಸಿದರೆ ಕಿತ್ತಳೆ ಬಣ್ಣ ಬರುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ಜೋಡಿ ಹೆಣಿಗೆ. ಒಳಬುಟ್ಟಿಯನ್ನು ತಳದಿಂದ ಅಂಚಿನವರೆಗೆ ಹೆಣೆದು, ಅವೇ ಸೀಳುಗಳನ್ನು ಹೊರಕ್ಕೆ ಬಗ್ಗಿಸಿ, ಹೊರಬುಟ್ಟಿಯನ್ನು ಕೆಳಮುಖವಾಗಿ ಹೆಣೆಯುತ್ತಾರೆ. ಈ ವಿದ್ಯೆ ಇಲ್ಲಿ ಮರೆಯಾಗುತ್ತಿದ್ದಾಗ, 1937ರಿಂದ ಶಾಲೆಯಲ್ಲಿ ಬುಟ್ಟಿ ಹೆಣಿಗೆ ಕಲಿಸುತ್ತಿದ್ದ ಲಾಟಿ ಸ್ಟ್ಯಾಂಪರ್ ಎಂಬ ಚೆರೊಕೀ ಮಹಿಳೆ ಬ್ರಿಟಿಷ್ ಮ್ಯೂಸಿಯಂನ ಹಳೆಯ ಬುಟ್ಟಿಯೊಂದರ ಛಾಯಾಚಿತ್ರವನ್ನು ನೋಡಿಯೇ ಅದನ್ನು ಕಲಿತರು, ಕಲಿಸಿದರು. ಬುಟ್ಟಿ ಇಂಗ್ಲೆಂಡ್ ಸೇರಿತ್ತು, ವಿದ್ಯೆ ಮನೆಗೆ ಮರಳಿತು!

ಕೊಳ್ಳುವುದಿದ್ದರೆ ಈ ಊರಿನ ಚೆರೊಕೀ ಮ್ಯೂಸಿಯಂ ಎದುರಿಗಿರುವ ಕ್ವಾಲಾ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಮ್ಯೂಚುವಲ್‌ಗೆ ಹೋಗಿ. 1946ರಲ್ಲಿ ಆರಂಭವಾದ ಈ ಸಹಕಾರ ಸಂಘ ಕುಶಲಕರ್ಮಿಗಳದ್ದೇ. ಹೆಣೆದವರು ಯಾರು, ಯಾವುದರಿಂದ ಹೆಣೆದದ್ದು ಎಂದು ಕೇಳಿ: ರಿವರ್‌ಕೇನ್, ವೈಟ್ ಓಕ್, ಮೇಪಲ್, ಹನಿಸಕಲ್ ಬಳ್ಳಿ ಎಲ್ಲವೂ ಇವೆ. ದಯವಿಟ್ಟು ಚೌಕಾಸಿ ಮಾಡಬೇಡಿ. ರಿವರ್‌ಕೇನ್ ಮೆಳೆಗಳು ಹೊಲಗಳಿಗೂ ಜಾನುವಾರುಗಳಿಗೂ ಬಲಿಯಾಗಿ ಬಹುಪಾಲು ಅಳಿದಿವೆ. ಒಳ್ಳೆಯ ಗಳಕ್ಕಾಗಿ ಹೆಣೆಯುವವರು ದೂರದೂರ ಅಲೆಯಬೇಕು. ಆ ಬೆಲೆ ನ್ಯಾಯವಾದದ್ದು. ಕೈಗೆಟುಕದಿದ್ದರೆ ಹನಿಸಕಲ್‌ನ ಪುಟ್ಟ ಬುಟ್ಟಿಗಳನ್ನು ನೋಡಿ.

ಫೋಟೋ ತೆಗೆಯುವ ಮೊದಲು ಅನುಮತಿ ಕೇಳಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಮುಂದೆ ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ, ಆದರೆ ಕಾಲು ಗಂಟೆಗಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸಬೇಕಾದರೆ ಪಾರ್ಕಿಂಗ್ ಟ್ಯಾಗ್ ಬೇಕು.